ಮನೆಗೆ ಕಟ್ಟಿಕೊಟ್ಟ ಉಸಿರು

ಯಲ್ಲದಕೆರೆಯ ನಮ್ಮ ಅಡುಗೆಮನೆಯಲ್ಲಿ ಹಬ್ಬದ ಬೆಳಿಗ್ಗೆ. ಬಾಣಲೆಯಲ್ಲಿ ಗಸಗಸೆ ಘಮಗುಡುತ್ತಿತ್ತು. ಪಕ್ಕದಲ್ಲಿ ತುರಿದ ಕೊಬ್ಬರಿ, ಕುಟ್ಟಿದ ಬೆಲ್ಲ, ನಾಲ್ಕು ಏಲಕ್ಕಿ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಮ್ಮ ಅಕ್ಕ ಹಬ್ಬಕ್ಕೆಂದು ಬಂದಿದ್ದಳು. ಹುರಿದ ಗಸಗಸೆಯನ್ನು ಅಂಗೈಗೆ ಸುರಿದುಕೊಂಡು ಉಫ್ ಎಂದು ಊದಿ, ಒಂದೇ ಒಂದು ಕಾಳನ್ನು ಬೆರಳ ತುದಿಯಲ್ಲಿ ಎತ್ತಿ ನನ್ನ ಕಣ್ಣ ಮುಂದೆ ಹಿಡಿದಳು.

"ಇಷ್ಟೇ ತೂಕದ ಮದ್ದು ಕಣೋ. ಉಸಿರು ನಿಂತೋರು ಎದ್ದು ಕೂತ್ಕೋತಾರೆ."

"ಯಾವ ಮದ್ದಕ್ಕಾ?"

"ನಲೋಕ್ಸೋನ್ ಅಂತ. ನಮ್ಮ ಎಮರ್ಜೆನ್ಸಿ ಟ್ರಾಲೀಲಿ ಇರುತ್ತೆ. ಆಪರೇಷನ್ ಆದೋರಿಗೆ ನೋವಿನ ಇಂಜೆಕ್ಷನ್ ಜಾಸ್ತಿಯಾಗಿ ಉಸಿರು ಇಳಿದುಹೋದ್ರೆ ಅದನ್ನ ಕೊಡ್ತೀವಿ. ಅದರ ಮೂಲಾನೂ ಇದೇ ಗಸಗಸೆ ಗಿಡ."

ಅಷ್ಟು ಹೇಳಿ ಅವಳು ಪಾಯಸಕ್ಕೆ ರುಬ್ಬಲು ಹೋದಳು. ನಾನು ಅಲ್ಲೇ ನಿಂತೆ. ಆಮೇಲೆ ಎಷ್ಟೋ ದಿನ ಆ ಒಂದು ಕಾಳಿನ ಹಿಂದೆ ಬಿದ್ದು ಓದಿದೆ, ಕೇಳಿದೆ, ಅಕ್ಕನಿಗೆ ರಾತ್ರಿ ಪಾಳಿಯಲ್ಲೂ ಫೋನ್ ಮಾಡಿ ಕಾಡಿದೆ. ಸಿಕ್ಕಿದ್ದನ್ನು ಹೇಳದೆ ಇರಲಾರೆ.

ಮೊದಲು ಆ ತೂಕದ ಮಾತು. ನಲೋಕ್ಸೋನ್ ಇಂಜೆಕ್ಷನ್ ಬರುವುದು ಕಿರುಬೆರಳಿನ ಗಾತ್ರದ ಗಾಜಿನ ಆಂಪೂಲಿನಲ್ಲಿ. ಒಳಗೆ ಒಂದು ಮಿಲಿಲೀಟರ್ ನೀರಿನಂಥ ದ್ರವ, ಅದರಲ್ಲಿ ಮದ್ದು 0.4 ಮಿಲಿಗ್ರಾಂ. ಒಂದು ಗಸಗಸೆ ಕಾಳಿನ ತೂಕವೂ ಹೆಚ್ಚುಕಮ್ಮಿ ಅಷ್ಟೇ! ಅಕ್ಕ ಅಂದಾಜಿಗೆ ಹೇಳಿದ್ದು ಲೆಕ್ಕಕ್ಕೂ ಸರಿಯಾಗಿತ್ತು.

ಆ ಗಿಡದ ಕಾಳಿನಲ್ಲಿ ನಶೆ ಇಲ್ಲ. ಕಾಯಿ ಹಸಿಯಿದ್ದಾಗ ಗೀರಿದರೆ ಒಸರುವ ಹಾಲಿದೆಯಲ್ಲ, ಅದು ಒಣಗಿದರೆ ಅಫೀಮು. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಕೆಲವು ಭಾಗಗಳಲ್ಲಿ ಮಾತ್ರ ಸರ್ಕಾರದ ಪರವಾನಗಿ ಪಡೆದು ಇದನ್ನು ಬೆಳೆಯುತ್ತಾರೆ. ಬೆಳೆದ ಅಫೀಮು ಗಾಜೀಪುರ ಮತ್ತು ನೀಮಚ್‌ನ ಸರ್ಕಾರಿ ಕಾರ್ಖಾನೆಗಳಿಗೆ ಹೋಗುತ್ತದೆ. ಅದರೊಳಗೆ ಮಾರ್ಫಿನ್ ಇದೆ, ಥಿಬೇನ್ ಎಂಬ ಇನ್ನೊಂದು ವಸ್ತುವೂ ಇದೆ. ಥಿಬೇನ್‌ನಿಂದ ಆಕ್ಸಿಮಾರ್ಫೋನ್ ಎಂಬ ಬಲು ತೀಕ್ಷ್ಣ ನೋವುನಿವಾರಕ ಮಾಡುತ್ತಾರೆ. ಅದು ಮಾರ್ಫಿನ್‌ಗಿಂತ ಎಷ್ಟೋ ಪಟ್ಟು ಬಿರುಸು, ಪ್ರಮಾಣ ಮೀರಿದರೆ ಉಸಿರು ನಿಲ್ಲಿಸುತ್ತದೆ. ಈಗ ಕೇಳಿ. ಆಕ್ಸಿಮಾರ್ಫೋನ್‌ನ ಅಣುವಿಗೂ ನಲೋಕ್ಸೋನ್‌ನ ಅಣುವಿಗೂ ಲೆಕ್ಕದಲ್ಲಿರುವ ವ್ಯತ್ಯಾಸ ಎರಡು ಇಂಗಾಲದ ಪರಮಾಣು, ಎರಡು ಜಲಜನಕದ ಪರಮಾಣು. ಅಷ್ಟೇ! ಒಂದು ಕಡೆಯ ಬಾಲ ಇಷ್ಟು ಉದ್ದವಾದರೆ ಕೊಲ್ಲುವುದು ಕಾಯುವುದಾಗುತ್ತದೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಒಳಗೆ ನಡೆಯುವುದೇನು? ಕೆರೆಯ ಹೆಸರು ಹೊತ್ತ ಊರಿನವನು ನಾನು, ಕೆರೆಯ ಮಾತಿನಲ್ಲೇ ಹೇಳುತ್ತೇನೆ. ಮಿದುಳಿನ ಬುಡದಲ್ಲಿ, ಕತ್ತಿನ ಹಿಂಭಾಗ ತಲೆಯನ್ನು ಸೇರುವಲ್ಲಿ, ನರಕೋಶಗಳ ಒಂದು ಪುಟ್ಟ ಗುಂಪಿದೆ. ಊರಿನ ಕೆರೆಗೆ ನೀರುಗಂಟಿ ಇದ್ದ ಹಾಗೆ ನಮ್ಮ ಉಸಿರಿಗೆ ಆ ಗುಂಪು. ನಾವು ಮಲಗಿದ್ದರೂ ಅದು ಎಚ್ಚರ. ಒಳಗೆಳೆ, ಬಿಡು, ಒಳಗೆಳೆ, ಬಿಡು ಎಂದು ಹುಟ್ಟಿದ ಗಳಿಗೆಯಿಂದ ಅಪ್ಪಣೆ ಕೊಡುತ್ತಲೇ ಇರುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಗಾಬರಿಗೊಂಡು ಇನ್ನಷ್ಟು ಜೋರಾಗಿ ಅಪ್ಪಣೆ ಮಾಡುತ್ತದೆ. ಈ ನರಕೋಶಗಳ ಮೈಮೇಲೆ ಸಣ್ಣ ಸಣ್ಣ ತೂಬುಗಳಿವೆ. ಹೆರಾಯಿನ್, ಮಾರ್ಫಿನ್, ಫೆಂಟನಿಲ್, ಟ್ರಾಮಡಾಲ್, ಟಪೆಂಟಡಾಲ್ ಇವೆಲ್ಲ ಒಂದೇ ಕುಲ, ಓಪಿಯಾಯ್ಡ್ ಕುಲ. ಇವು ಬಂದು ಆ ತೂಬುಗಳಲ್ಲಿ ಕೂತು ಹರಿವನ್ನು ಮುಚ್ಚುತ್ತವೆ. ನೀರುಗಂಟಿಗೆ ಮಂಪರು ಹತ್ತುತ್ತದೆ. ನಿಮಿಷಕ್ಕೆ ಹದಿನಾರು ಬಾರಿ ಆಡುತ್ತಿದ್ದ ಉಸಿರು ಎಂಟಾಗಿ, ನಾಲ್ಕಾಗಿ, ನಿಲ್ಲುತ್ತದೆ. ನೋವಿಲ್ಲ, ಒದ್ದಾಟವಿಲ್ಲ. ಸಾಯುತ್ತಿರುವವನಿಗೆ ತಾನು ಸಾಯುತ್ತಿರುವುದೇ ಗೊತ್ತಾಗದು.

ನಲೋಕ್ಸೋನ್ ಅದೇ ತೂಬಿಗೆ ಬರುತ್ತದೆ. ಆದರೆ ಅದರ ಹಿಡಿತ ಬಿಗಿ. ಕೂತಿದ್ದನ್ನು ನೂಕಿ ತಾನು ಕೂರುತ್ತದೆ, ಕೂತರೂ ಹರಿವನ್ನು ಮುಚ್ಚುವುದಿಲ್ಲ! ಜಾಗ ಹಿಡಿದುಕೊಂಡು ಸುಮ್ಮನಿರುತ್ತದೆ, ಬೇರೆಯವರಿಗೆ ಬಿಡುವುದಿಲ್ಲ. ಸ್ನಾಯುವಿಗೆ ಚುಚ್ಚಿದರೆ ಕೆಲವೇ ನಿಮಿಷ, ನೀಲಿಗಟ್ಟಿದ ತುಟಿ ಕೆಂಪಗಾಗುತ್ತದೆ, ಎದೆ ಏಳುತ್ತದೆ, ಕಣ್ಣು ತೆರೆಯುತ್ತದೆ. ಮೈಯಲ್ಲಿ ಓಪಿಯಾಯ್ಡ್ ಇಲ್ಲದವನಿಗೆ ಅದೇ ಮದ್ದನ್ನು ಕೊಟ್ಟರೆ? ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಅಮಲಿಲ್ಲ, ಚಟ ಹತ್ತುವುದಿಲ್ಲ. ಇಷ್ಟು ಬಲವೂ ಇಷ್ಟು ಸಾಧುತನವೂ ಒಂದೇ ಮದ್ದಿನಲ್ಲಿ!

ಆ ತೂಬುಗಳು ನಮ್ಮ ತಲೆಯಲ್ಲಿ ಇವೆ ಎಂದು ಜಗತ್ತಿಗೆ ತೋರಿಸಿಕೊಟ್ಟದ್ದೂ ಈ ನಲೋಕ್ಸೋನೇ. ಅಮೆರಿಕದ ಬಾಲ್ಟಿಮೋರ್‌ನಲ್ಲಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಕ್ಯಾಂಡೇಸ್ ಪರ್ಟ್ ಎಂಬ ಸಂಶೋಧನಾ ವಿದ್ಯಾರ್ಥಿನಿ ತನ್ನ ಗುರು ಸಾಲೊಮನ್ ಸ್ನೈಡರ್ ಜೊತೆ 1973ರಲ್ಲಿ ವಿಕಿರಣದ ಗುರುತು ಹಾಕಿದ ನಲೋಕ್ಸೋನನ್ನು ಅರೆದ ಇಲಿಯ ಮಿದುಳಿಗೆ ಬೆರೆಸಿ, ಅದು ಎಲ್ಲಿ ಹೋಗಿ ಅಂಟುತ್ತದೆಂದು ಹಿಡಿದರು. ಹಾಗಿದ್ದರೆ ಗಸಗಸೆ ಗಿಡದ ಹಾಲಿಗೆ ಹೊಂದುವ ತೂಬು ಮನುಷ್ಯನ ತಲೆಯಲ್ಲಿ ಯಾಕಿದೆ? ದೇಹವೇ ತನ್ನದೊಂದು ಅಫೀಮನ್ನು ತಯಾರಿಸುತ್ತಿರಬೇಕಲ್ಲವೇ? ಎರಡು ವರ್ಷ ಕಳೆಯಿತು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಸ್ ಹಂದಿಯ ಮಿದುಳಿನಿಂದ ಅದನ್ನು ತೆಗೆದೇ ತೋರಿಸಿದರು. ಎಂಕೆಫಾಲಿನ್ ಎಂದು ಹೆಸರಿಟ್ಟರು.

ಇನ್ನೂ ಮುಗಿದಿಲ್ಲ. ನಮ್ಮಲ್ಲಿ 'ಡಾಕ್ಟರ ಕೈಗುಣ' ಅನ್ನುತ್ತೇವೆ. ಆ ಡಾಕ್ಟರು ಮುಟ್ಟಿದರೇ ಅರ್ಧ ವಾಸಿ ಅನ್ನುತ್ತೇವೆ. 1978ರಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಮೂವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದವಡೆ ಹಲ್ಲು ಕೀಳಿಸಿಕೊಂಡವರ ಮೇಲೆ ಪ್ರಯೋಗ ಮಾಡಿದರು. ಮದ್ದೇ ಇಲ್ಲದ ಇಂಜೆಕ್ಷನ್ ಕೊಟ್ಟಾಗಲೂ ಕೆಲವರ ನೋವು ಇಳಿಯಿತು. ನಲೋಕ್ಸೋನ್ ಕೊಟ್ಟರೆ ಆ ಸಮಾಧಾನ ಹಾರಿಹೋಯಿತು! ಅಂದರೆ ನಂಬಿಕೆಯಿಂದ ನೋವು ಇಳಿಯುವುದೂ ಅದೇ ತೂಬಿನ ದಾರಿಯಲ್ಲಿ. ಕೈಗುಣ ಅನ್ನುವುದಕ್ಕೆ ಮೈಯೊಳಗೆ ಒಂದು ಜಾಗವಿದೆ. ನಮ್ಮ ಅಜ್ಜಿಯಂದಿರು ಇದನ್ನು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ.

ಇಷ್ಟೆಲ್ಲ ಮಾಡಿದ ಮದ್ದನ್ನು ರೂಪಿಸಿದವರು ಮೋಸೆಸ್ ಲೆವೆನ್‌ಸ್ಟೈನ್ ಮತ್ತು ಜಾಕ್ ಫಿಶ್‌ಮನ್. 1961ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1971ರಲ್ಲಿ ಅಮೆರಿಕ ಸರ್ಕಾರ ಮದ್ದಿನ ಬಳಕೆಗೆ ಒಪ್ಪಿತು. ಫಿಶ್‌ಮನ್ ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ನಾಜಿಗಳಿಂದ ತಪ್ಪಿಸಿಕೊಂಡು ಶಾಂಘೈನಲ್ಲಿ ಬೆಳೆದು, ಹದಿನೆಂಟನೇ ವಯಸ್ಸಿಗೆ ಅಮೆರಿಕ ಸೇರಿದವರು. ಪ್ರಾಣ ಉಳಿಸಿಕೊಂಡು ಬಂದವರು ಎಷ್ಟು ಜನರ ಪ್ರಾಣ ಉಳಿಸಿದರು! ಆದರೆ 2003ರಲ್ಲಿ ಅವರ ಹೆಂಡತಿಯ ಮಗನೇ ಹೆರಾಯಿನ್ ಮಿತಿಮೀರಿ ತೀರಿಕೊಂಡ. ಮದ್ದು ಕಂಡುಹಿಡಿದವರ ಕುಟುಂಬದಲ್ಲೇ! ಯಾಕೆಂದರೆ ಆಗಿನ್ನೂ ನಲೋಕ್ಸೋನ್ ಹೆಚ್ಚಿನ ಕಡೆ ಆಸ್ಪತ್ರೆಯ ಟ್ರಾಲಿಯಲ್ಲಿ, ಆಂಬ್ಯುಲೆನ್ಸಿನ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಮನೆಯಲ್ಲಿ ಇರುತ್ತಿರಲಿಲ್ಲ.

ಮದ್ದನ್ನು ಕಂಡುಹಿಡಿದದ್ದಕ್ಕಿಂತ ದೊಡ್ಡ ಸಂಶೋಧನೆ ಅದನ್ನು ಎಲ್ಲಿಡಬೇಕೆಂದು ಕಂಡುಕೊಂಡದ್ದು ಎಂದು ನಾನೀಗ ನಂಬಿದ್ದೇನೆ. ಉಸಿರು ನಿಂತ ಮೇಲೆ ಮಿದುಳು ತಡೆಯುವುದು ನಾಲ್ಕೈದು ನಿಮಿಷ. ಯಲ್ಲದಕೆರೆಯಿಂದ 108ಕ್ಕೆ ಫೋನ್ ಹಚ್ಚಿ, ಹಿರಿಯೂರಿನಿಂದ ಗಾಡಿ ಹೊರಟು, ಊರೊಳಗೆ ಮನೆ ಹುಡುಕಿ ಬರುವಷ್ಟರಲ್ಲಿ ಎಷ್ಟು ನಿಮಿಷ? ನೀವೇ ಲೆಕ್ಕ ಹಾಕಿ. ನ್ಯೂಯಾರ್ಕಿನಲ್ಲೂ ಆ ಲೆಕ್ಕ ಕೈಗೂಡಲಿಲ್ಲ. ಮದ್ದು ಅದೇ ಕೋಣೆಯಲ್ಲಿರಬೇಕು. ಕೊಡುವ ಕೈಯೂ ಅದೇ ಕೋಣೆಯಲ್ಲಿರಬೇಕು. ತಾಯಿ, ಹೆಂಡತಿ, ತಮ್ಮ, ಜೊತೆಗಾರ. ಬಿದ್ದವನು ತನಗೆ ತಾನೇ ಕೊಟ್ಟುಕೊಳ್ಳಲಾರನಲ್ಲ.

1996ರಲ್ಲಿ ಶಿಕಾಗೋದಲ್ಲಿ ಡ್ಯಾನ್ ಬಿಗ್ ಮತ್ತು ಸಂಗಡಿಗರು ಈ ಮದ್ದನ್ನು ನಶೆ ಮಾಡುವವರ ಕೈಗೇ ಹಂಚತೊಡಗಿದರು. ಡಾಕ್ಟರಲ್ಲದವರ ಕೈಗೆ ಸಿರಿಂಜೇ ಎಂದು ಎಷ್ಟೋ ಜನ ಹುಬ್ಬೇರಿಸಿದರು. ಮುಂದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಇದರ ಲೆಕ್ಕ ಪ್ರಕಟಿಸಿತು. 1996ರಿಂದ 2014ರ ಜೂನ್‌ವರೆಗೆ 1,52,283 ಸಾಮಾನ್ಯ ಜನರಿಗೆ ಕಿಟ್ ಕೊಟ್ಟಿದ್ದರು. ಅವರಿಂದ ಬದುಕಿಸಿದ ವರದಿ ಬಂದ ಪ್ರಸಂಗಗಳು 26,463! ಇಪ್ಪತ್ತಾರು ಸಾವಿರ ಸಲ ಒಬ್ಬರು ಇನ್ನೊಬ್ಬರನ್ನು ನೆಲದಿಂದ ಎಬ್ಬಿಸಿ ಕೂರಿಸಿದ್ದಾರೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಈ ತರಬೇತಿ ಹೆಚ್ಚು ನಡೆದ ಊರುಗಳಲ್ಲಿ ಮಿತಿಮೀರಿ ಸಾಯುವವರ ಪ್ರಮಾಣ, ತರಬೇತಿ ಇಲ್ಲದ ಊರುಗಳಿಗೆ ಹೋಲಿಸಿದರೆ, ಶೇಕಡಾ 46 ಕಡಿಮೆಯಿತ್ತು ಎಂದು 2013ರ ಅಧ್ಯಯನ ಹೇಳಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಬರೆಯಿತು: ಇಂಥ ಅಪಾಯವನ್ನು ಕಣ್ಣಾರೆ ಕಾಣುವ ಸಂಭವ ಯಾರಿಗಿದೆಯೋ ಅವರ ಕೈಗೆ ನಲೋಕ್ಸೋನ್ ಸಿಗಬೇಕು.

ಆ ಕೈಗೆ ದಾಟಿಸುವವರು ಯಾರು? ಇಲ್ಲಿಗೆ ಬರುತ್ತಾರೆ ನಮ್ಮ ಅಕ್ಕನಂಥ ನರ್ಸ್‌ಗಳು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2012ರಲ್ಲಿ ಮನೆಗೆ ನಲೋಕ್ಸೋನ್ ಕೊಟ್ಟು ಕಳಿಸುವ ಕಾರ್ಯಕ್ರಮ ಶುರುವಾಯಿತು. ಮಿತಿಮೀರಿ ಸಾಯುವವರು ಹೆಚ್ಚಿದ್ದರಿಂದ 2016ರ ಏಪ್ರಿಲ್‌ನಲ್ಲಿ ಆ ಪ್ರಾಂತ್ಯ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿಯನ್ನೇ ಘೋಷಿಸಬೇಕಾಯಿತು. ಮಿತಿಮೀರಿ ಬಿದ್ದವನು ತುರ್ತು ವಿಭಾಗದಲ್ಲಿ ಚೇತರಿಸಿಕೊಂಡು ಮನೆಗೆ ಹೊರಡುವಾಗ ಅವನ ಕೈಗೆ ಜಿಪ್ ಇರುವ ಒಂದು ಕಪ್ಪು ಪೌಚ್ ಸಿಗುತ್ತದೆ. ನಮ್ಮಲ್ಲಿ ಕನ್ನಡಕ ಇಡುವ ಪೆಟ್ಟಿಗೆಯಿರುತ್ತದಲ್ಲ, ಅದಕ್ಕಿಂತ ಸ್ವಲ್ಪ ದೊಡ್ಡದು. ಬಿಚ್ಚಿದರೆ ಮೂರು ಆಂಪೂಲ್, ಮೂರು ಸಿರಿಂಜ್, ಕೈಗವಸು, ಬಾಯಿಗೆ ಬಾಯಿಟ್ಟು ಉಸಿರೂದುವಾಗ ನಡುವೆ ಹಿಡಿಯಲು ಒಂದು ತೆಳು ಮುಖಪರದೆ, ಗಾಜಿನ ಕತ್ತು ಮುರಿಯುವಾಗ ಬೆರಳು ಕೊಯ್ಯದಂತೆ ಒಂದು ಪ್ಲಾಸ್ಟಿಕ್ ಕೊಳವೆ. ಆ ಕೊಳವೆ ನೋಡಿ ನನ್ನ ಕಣ್ಣು ತುಂಬಿತು. ಸಾಯುತ್ತಿರುವ ಮಗನ ಪಕ್ಕ ಕೂತ ತಾಯಿಯ ಕೈ ನಡುಗುತ್ತದೆ, ಗಾಜು ಚುಚ್ಚೀತು ಎಂದು ಯಾರೋ ಮೊದಲೇ ಯೋಚಿಸಿದ್ದಾರೆ.

ಕಲಿಸಲು ಹತ್ತು ನಿಮಿಷ ಸಾಕು. ಭುಜ ಅಲ್ಲಾಡಿಸು, ಜೋರಾಗಿ ಹೆಸರು ಕೂಗು. ಗಲ್ಲ ಮೇಲೆತ್ತಿ ಗಂಟಲು ಬಿಡಿಸು. ಐದು ಸೆಕೆಂಡಿಗೊಂದು ಉಸಿರು ಊದು. ಆಂಪೂಲಿನ ತಲೆಯಲ್ಲಿ ನಿಂತ ಮದ್ದನ್ನು ಬೆರಳಿಂದ ತಟ್ಟಿ ಕೆಳಗಿಳಿಸು, ಕತ್ತು ಮುರಿ, ಸಿರಿಂಜಿಗೆ ಎಳೆದುಕೋ, ತೊಡೆಯ ಹೊರಬದಿಗೆ ಬಟ್ಟೆಯ ಮೇಲಿಂದಲೇ ಚುಚ್ಚು. ಏಳದಿದ್ದರೆ ಮೂರ್ನಾಲ್ಕು ನಿಮಿಷಕ್ಕೆ ಇನ್ನೊಂದು. ಉಸಿರು ಬಂದ ಮೇಲೆ ಮಗ್ಗುಲಿಗೆ ಹೊರಳಿಸು, ವಾಂತಿ ಗಂಟಲಿಗೆ ಇಳಿಯದಿರಲಿ. ಮೂಗಿಗೆ ಸಿಂಪಡಿಸುವ ಸ್ಪ್ರೇ ಬಂದ ಮೇಲೆ ಎಷ್ಟೋ ದೇಶಗಳಲ್ಲಿ ಸಿರಿಂಜೂ ಬೇಡವಾಗಿದೆ. ಅಮೆರಿಕದಲ್ಲಿ 2023ರ ಮಾರ್ಚ್‌ನಲ್ಲಿ ಅದನ್ನು ಡಾಕ್ಟರ ಚೀಟಿಯಿಲ್ಲದೆ ಮಾರಲು ಒಪ್ಪಿಗೆ ಸಿಕ್ಕಿತು. ಆಸ್ಟ್ರೇಲಿಯಾದಲ್ಲಿ 2022ರ ಜುಲೈಯಿಂದ ದೇಶದ ಉದ್ದಕ್ಕೂ ಪುಕ್ಕಟೆ.

ಕಲಿಸುವ ನರ್ಸ್ ಮೂರು ಮಾತನ್ನು ಒತ್ತಿ ಹೇಳುತ್ತಾರೆ. ಮೊದಲನೆಯದು, ಗೊರಕೆಯನ್ನು ನಂಬಬೇಡಿ. ನಶೆ ಮಾಡಿದವನ ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಮನೆಯವರು 'ಪಾಪ, ಇವತ್ತಾದ್ರೂ ಚೆನ್ನಾಗಿ ನಿದ್ದೆ ಮಾಡ್ತಿದಾನೆ, ಎಬ್ಬಿಸಬೇಡಿ' ಅಂದುಕೊಳ್ಳುತ್ತಾರೆ. ಅದು ನಿದ್ದೆಯಲ್ಲ. ಕಣ್ಣ ರೆಪ್ಪೆ ಎತ್ತಿ ನೋಡಿ, ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ತುಟಿ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಎರಡನೆಯದು, ಎದ್ದವನು ಕೈ ಮುಗಿಯುವುದಿಲ್ಲ, ಬೈಯುತ್ತಾನೆ. ತೂಬಿನಿಂದ ನಶೆಯನ್ನು ಒಂದೇ ಏಟಿಗೆ ಕಿತ್ತಿದ್ದರಿಂದ ಮೈಯೆಲ್ಲ ಬೆವರು, ವಾಂತಿ, ನಡುಕ, ಸಿಟ್ಟು. ಹೆದರಬೇಡಿ, ಬೈಯುವುದಕ್ಕೂ ಉಸಿರು ಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ನಲೋಕ್ಸೋನ್ ಮೈಯಲ್ಲಿ ನಿಲ್ಲುವುದು ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ಒಳಗಿನ ನಶೆ ಅದಕ್ಕಿಂತ ಹೆಚ್ಚು ಹೊತ್ತು ಇದ್ದರೆ ಮತ್ತೆ ತೂಬಿಗೆ ಹೋಗಿ ಕೂರುತ್ತದೆ. ಆದ್ದರಿಂದ ಎದ್ದು ಕೂತ ಎಂದು ಬಿಟ್ಟುಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು.

ಸ್ಕಾಟ್ಲೆಂಡಿನ ಕತೆ ನನಗೆ ಎಲ್ಲಕ್ಕಿಂತ ಹತ್ತಿರ. ಎಂಕೆಫಾಲಿನ್ ಸಿಕ್ಕಿದ ಆ ನಾಡೇ 2011ರಲ್ಲಿ ರಾಷ್ಟ್ರಮಟ್ಟದ ನಲೋಕ್ಸೋನ್ ಕಾರ್ಯಕ್ರಮ ಶುರುಮಾಡಿತು. ಜೈಲಿನಿಂದ ಹೊರಡುವವರ ಕೈಗೆ ಅಲ್ಲಿನ ಆರೋಗ್ಯ ಸಿಬ್ಬಂದಿ ಕಿಟ್ ಕೊಟ್ಟು ಕಳಿಸತೊಡಗಿದರು. ಜೈಲೇ ಯಾಕೆ? ಜೈಲಿನಲ್ಲಾಗಲಿ ಚಿಕಿತ್ಸಾ ಕೇಂದ್ರದಲ್ಲಾಗಲಿ ನಶೆ ಬಿಟ್ಟವನ ಮೈ ಹಳೆಯ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಮನಸ್ಸಿಗೆ ಮಾತ್ರ ಹಳೆಯ ಪ್ರಮಾಣವೇ ನೆನಪು. ಹೊರಗೆ ಬಂದು ಒಂದು ದಿನ ಜಾರಿ, ಮೊದಲಿನಷ್ಟೇ ತೆಗೆದುಕೊಂಡ ಅನ್ನಿ, ಮುಗಿಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಂದ ಮೊದಲ ಎರಡು ವಾರ ಮಾದಕವಸ್ತು ಮಿತಿಮೀರಿ ಸಾಯುವ ಅಪಾಯ ಸಾಮಾನ್ಯರಿಗಿಂತ 129 ಪಟ್ಟು ಎಂದು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು. ನೂರಿಪ್ಪತ್ತೊಂಬತ್ತು! ಸ್ಕಾಟ್ಲೆಂಡಿನಲ್ಲಿ ಓಪಿಯಾಯ್ಡ್‌ನಿಂದ ಸತ್ತವರ ಪೈಕಿ ಜೈಲಿನಿಂದ ಬಂದು ನಾಲ್ಕು ವಾರದೊಳಗಿದ್ದವರು 2006ರಿಂದ 2010ರವರೆಗೆ ಶೇಕಡಾ 9.8ರಷ್ಟಿದ್ದರು. ಕಾರ್ಯಕ್ರಮದ ಮೊದಲ ಮೂರು ವರ್ಷದಲ್ಲಿ ಅದು 6.3ಕ್ಕೆ ಇಳಿಯಿತು.

ಇದು ನಮಗೇಕೆ ಎಂದು ಕೇಳುವವರಿಗೆ ಒಂದಿಷ್ಟು ಅಂಕಿ ಹೇಳುತ್ತೇನೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆ 2019ರಲ್ಲಿ ಹೊರಬಂತು. ದೇಶದಲ್ಲಿ ಓಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ, ಅದರಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ಸುಮಾರು 77 ಲಕ್ಷ, ನಶೆಯನ್ನು ಚುಚ್ಚಿಕೊಳ್ಳುವವರು ಅಂದಾಜು 8.5 ಲಕ್ಷ. ಟ್ರಾಮಡಾಲ್ ಮಾತ್ರೆಯ ದುರ್ಬಳಕೆ ಕೈಮೀರಿದ್ದರಿಂದ 2018ರಲ್ಲಿ ಅದನ್ನು ಮಾದಕ ವಸ್ತು ಕಾಯ್ದೆಯ ಕೆಳಗೆ ತರಬೇಕಾಯಿತು. ಆಮೇಲೆ ಟಪೆಂಟಡಾಲ್ ಹಿಡಿದ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲೂ ಬರತೊಡಗಿತು. ಹಿರಿಯೂರಿನ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಈರುಳ್ಳಿ, ಶೇಂಗಾ ಒಂದನ್ನೇ ಸಾಗಿಸುವುದಿಲ್ಲ ಎಂದು ಊರಿನ ಹಿರಿಯರಿಗೆ ಗೊತ್ತು.

ನಮ್ಮ ಸೀಮೆಯವರಿಗೆ ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ 'ಔಷಧಿ ಕುಡಿದ' ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕ ಕುಡಿದ ಎಂದರ್ಥ. ಅದಕ್ಕೆ ನಲೋಕ್ಸೋನ್ ಕೆಲಸ ಮಾಡುವುದಿಲ್ಲ, ಅದರ ಚಿಕಿತ್ಸೆಯೇ ಬೇರೆ, ನೇರ ಆಸ್ಪತ್ರೆಗೇ ಓಡಬೇಕು. ಸಾರಾಯಿಗೆ ಇಲ್ಲ, ಬರೀ ನಿದ್ದೆ ಮಾತ್ರೆಗೆ ಇಲ್ಲ, ಹಾವಿನ ವಿಷಕ್ಕೂ ಇಲ್ಲ. ಇನ್ನು ಕ್ಯಾನ್ಸರ್ ನೋವಿಗೆಂದು ಡಾಕ್ಟರು ಕೊಟ್ಟ ಮಾರ್ಫಿನ್ ನುಂಗುವವರು ಇದನ್ನು ಓದಿ ಹೆದರಿ ಮಾತ್ರೆ ಬಿಡಬಾರದು. ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ತೆಗೆದುಕೊಂಡ ಮಾರ್ಫಿನ್ ಒಂದು ವರ. ಅಂಥ ರೋಗಿಗಳಿಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದದ್ದು.

ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ನಲೋಕ್ಸೋನ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ದೊಡ್ಡ ಕೇಂದ್ರವಿದೆ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ನಮ್ಮ ರಾಜ್ಯದ್ದು. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತವರು ಬ್ರಿಟನ್ನಿನ ವಾರ್ಡುಗಳವರೆಗೆ ಹೋಗಿ ದುಡಿಯುತ್ತಿದ್ದಾರೆ. ಮದ್ದು ಇದೆ, ಕಲಿಸುವವರು ಇದ್ದಾರೆ, ಕಲಿಯುವ ತಾಯಂದಿರಿದ್ದಾರೆ. ಟ್ರಾಲಿಯಿಂದ ಮನೆಗೆ ದಾಟಬೇಕಾದ ಆ ಒಂದು ಹೆಜ್ಜೆ ಮಾತ್ರ ಬಾಕಿ.

ಅಕ್ಕನನ್ನು ಕೇಳಿದೆ. "ನಿಮ್ಮಲ್ಲಿ ಡಿಸ್ಚಾರ್ಜ್ ಆಗುವಾಗ ಇದನ್ನ ಕೊಡೋ ಹಾಗಾದ್ರೆ ನೀನು ಕಲಿಸ್ತೀಯಾ?"

"ಸಕ್ಕರೆ ಕಾಯಿಲೆಯೋರಿಗೆ ಇನ್ಸುಲಿನ್ ಚುಚ್ಕೊಳ್ಳೋದು ದಿನಾ ಕಲಿಸ್ತೀನಲ್ಲೋ," ಅಂದಳು. "ಎಪ್ಪತ್ತು ವರ್ಷದ ಅಜ್ಜೀರು ಕಲಿತು ಹೋಗ್ತಾರೆ. ಇದೇನು ಮಹಾ? ಆರ್ಡರ್ ಬರಲಿ."

ಆರೋಗ್ಯ ಇಲಾಖೆಯವರಲ್ಲಿ ನನ್ನ ಬೇಡಿಕೆ ಆ ಆರ್ಡರ್. ವ್ಯಸನ ಚಿಕಿತ್ಸೆ ಮುಗಿಸಿ ಹೊರಡುವ ಪ್ರತಿ ಓಪಿಯಾಯ್ಡ್ ರೋಗಿಯ ಮನೆಯವರಿಗೆ, ಜೈಲಿನಿಂದ ಬಿಡುಗಡೆಯಾಗುವ ಅಂಥವರಿಗೆ, ಹತ್ತು ನಿಮಿಷದ ಪಾಠದ ಜೊತೆ ಒಂದು ಪೌಚ್ ಕೊಟ್ಟು ಕಳಿಸಿ. ಓದುಗರಲ್ಲಿ ನನ್ನ ಬೇಡಿಕೆ ಇನ್ನೂ ಸಣ್ಣದು. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಇಂಥವರು ಯಾರಾದರೂ ಇದ್ದರೆ ಮುಚ್ಚಿಡಬೇಡಿ. ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಚಟ ಬಿಡಿಸುವುದಕ್ಕೆಂದೇ ಇರುವ ಸಹಾಯವಾಣಿ 14446. ಎರಡೂ ಸಂಖ್ಯೆಗಳನ್ನು ಈಗಲೇ ಫೋನಿಗೆ ಹಾಕಿಕೊಳ್ಳಿ.